ಯಾವ ಹಲ್ಲಿ ಸಾಕೋದು? ಮೊದಲು ನಿಮ್ಮ ಕೋಣೆ ಎಷ್ಟು ಬಿಸಿಯಾಗುತ್ತೆ ನೋಡಿ

ಹಲ್ಲಿ ಸಾಕಬೇಕು ಅನ್ನುವವರು ಸಾಮಾನ್ಯವಾಗಿ ಫೋಟೊ ನೋಡಿಯೇ ಮನಸ್ಸು ಮಾಡಿರುತ್ತಾರೆ. ಗಡ್ಡ ಉಬ್ಬಿಸಿಕೊಂಡು ಕೂತ ಬಿಯರ್ಡೆಡ್ ಡ್ರ್ಯಾಗನ್, ಸದಾ ನಗುತ್ತಿರುವಂತೆ ಕಾಣುವ ಲೆಪರ್ಡ್ ಗೆಕ್ಕೊ, ಒಂದು ಕಣ್ಣು ಮುಂದೆ ಇನ್ನೊಂದು ಹಿಂದೆ ತಿರುಗಿಸುವ ಗೋಸುಂಬೆ. ಚೆಂದ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಚೆಂದ ನೋಡಿ ತಂದರೆ ಆಮೇಲೆ ಒದ್ದಾಡುವವರು ನೀವೂ ಹೌದು, ಅದೂ ಹೌದು.

ಅದರ ಬದಲು ಮೂರು ವಿಷಯ ನೋಡಿಕೊಳ್ಳಿ. ವರ್ಷದ ಅತಿ ಸೆಕೆಯ ದಿನ ನಿಮ್ಮ ಕೋಣೆ ಎಷ್ಟು ಬಿಸಿಯಾಗುತ್ತದೆ? ಮನೆಯಲ್ಲಿ ಜೀವಂತ ಹುಳ ಇಟ್ಟುಕೊಳ್ಳಲು ಜೊತೆಗಿರುವವರೆಲ್ಲ ಒಪ್ಪುತ್ತಾರಾ? ನೀವು ಎಚ್ಚರವಾಗಿ ಮನೆಯಲ್ಲಿರುವುದು ಹಗಲಾ, ರಾತ್ರಿಯಾ? ಇವಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಆರೇಳು ಜಾತಿಗಳ ಪಟ್ಟಿ ಎರಡಕ್ಕೆ ಇಳಿಯುತ್ತದೆ. ಈ ಮೂರರಲ್ಲೂ ಮೊದಲನೆಯದಕ್ಕೇ ನಾನು ಜಾಸ್ತಿ ತೂಕ ಕೊಡುತ್ತೇನೆ.

ಕೋಣೆಯ ಬಿಸಿ

ಗಾಜಿನ ಟ್ಯಾಂಕನ್ನು ಬಿಸಿ ಮಾಡುವುದು ಸುಲಭ. ಒಂದು ಬಲ್ಬು, ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಒಂದು ಥರ್ಮೋಸ್ಟಾಟ್ ಇದ್ದರೆ ಆಯಿತು. ತಂಪು ಮಾಡುವುದು ಕಷ್ಟ, ಯಾಕಂದರೆ ಟ್ಯಾಂಕೊಂದನ್ನೇ ತಂಪು ಮಾಡಲು ಆಗುವುದಿಲ್ಲ, ಇಡೀ ಕೋಣೆಯನ್ನು ತಂಪಾಗಿಡಬೇಕು, ಅದೂ ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಇದನ್ನು ಯೋಚಿಸದೆ ಕ್ರೆಸ್ಟೆಡ್ ಗೆಕ್ಕೊ ತಂದವರು ಬೇಸಿಗೆ ಬಂದಾಗ ಪರದಾಡುತ್ತಾರೆ. ಅದಕ್ಕೆ ಬೇಕಾದದ್ದು 22ರಿಂದ 26 ಡಿಗ್ರಿ ಸೆಲ್ಸಿಯಸ್. 28 ದಾಟಿ ಗಂಟೆಗಟ್ಟಲೆ ಹಾಗೇ ಇದ್ದರೆ ಅದು ಸೊರಗುತ್ತದೆ, ಇನ್ನೂ ಮೇಲೆ ಹೋದರೆ ಜೀವಕ್ಕೇ ಅಪಾಯ. ಎಲ್ಲರೂ ಅದನ್ನು 'ಬಲ್ಬೇ ಬೇಡದ ಸುಲಭದ ಹಲ್ಲಿ' ಅನ್ನುತ್ತಾರಲ್ಲ, ಆ ಮಾತು ತಂಪು ಮನೆಗಳಿಗೆ ಮಾತ್ರ ನಿಜ.

ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್, ಬ್ಲೂ ಟಂಗ್ ಸ್ಕಿಂಕ್ ಇದಕ್ಕೆ ತದ್ವಿರುದ್ಧ. ಮೂರಕ್ಕೂ ಬಿಸಿ ಬೇಕು. ಲೆಪರ್ಡ್ ಗೆಕ್ಕೊ ಮೈ ಕಾಯಿಸುವ ಕಲ್ಲಿನ ಮೇಲ್ಮೈ 32ರಿಂದ 35 ಡಿಗ್ರಿ ಇರಬೇಕು. ಬ್ಲೂ ಟಂಗ್‌ಗೆ 38ರ ಆಸುಪಾಸು. ಬಿಯರ್ಡೆಡ್ ಡ್ರ್ಯಾಗನ್‌ಗೆ 40ರ ಸುತ್ತಮುತ್ತ. ಹಾಗಂತ ಇಡೀ ಟ್ಯಾಂಕು ಅಷ್ಟು ಕಾಯಬಾರದು. ಒಂದು ತುದಿ ಬಿಸಿ, ಇನ್ನೊಂದು ತುದಿ 25ರ ಸುತ್ತ. ಹಲ್ಲಿಗೆ ತನ್ನ ಮೈಯೊಳಗೆ ಶಾಖ ಮಾಡಿಕೊಳ್ಳಲು ಬರುವುದಿಲ್ಲ, ಆಚೆ ಈಚೆ ಓಡಾಡಿಯೇ ಅದು ಮೈಯ ಬಿಸಿಯನ್ನು ಸರಿಮಾಡಿಕೊಳ್ಳುತ್ತದೆ. ತಣ್ಣಗಿದ್ದರೆ ತಿಂದದ್ದು ಅರಗುವುದೇ ಇಲ್ಲ. ಊಟ ಬಿಟ್ಟಿದೆ ಅಂತ ಗಾಬರಿಯಾದವರು ಮೊದಲು ನೋಡಬೇಕಾದದ್ದು ಥರ್ಮಾಮೀಟರ್.

ಥರ್ಮಾಮೀಟರ್ ಅಂದಾಗ ನೆನಪಾಯಿತು. ಗಾಜಿಗೆ ಅಂಟಿಸುವ ದುಂಡನೆಯ ಮುಳ್ಳಿನ ಮೀಟರ್ ಇರುತ್ತದಲ್ಲ, ಅದನ್ನು ನಂಬಬೇಡಿ. ಅದು ಗಾಜಿನ ಹತ್ತಿರದ ಗಾಳಿಯ ಬಿಸಿ ಹೇಳುತ್ತದೆ, ಅದೂ ಅಂದಾಜಿಗೆ. ಹಲ್ಲಿಯ ಹೊಟ್ಟೆ ತಾಗುವುದು ಕಲ್ಲಿಗೆ. ಕಲ್ಲಿನ ಬಿಸಿ ಅಳೆಯಲು ಇನ್‌ಫ್ರಾರೆಡ್ ಗನ್ ಥರ್ಮಾಮೀಟರ್ ತಗೊಳ್ಳಿ, ಗಾಳಿಗೆ ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮೀಟರ್ ಇಡಿ.

ಹುಳದ ಮಾತು

ಇಲ್ಲಿ ತುಂಬ ಜನ ಹಿಂದೆ ಸರಿಯುತ್ತಾರೆ. ಸರಿದರೆ ತಪ್ಪೇನಿಲ್ಲ, ತರುವ ಮೊದಲೇ ಸರಿಯುವುದು ಒಳ್ಳೆಯದು. ಲೆಪರ್ಡ್ ಗೆಕ್ಕೊಗೆ ಹುಳ ಬಿಟ್ಟರೆ ಬೇರೆ ಊಟ ಇಲ್ಲ. ಸೊಪ್ಪು, ಹಣ್ಣು ಯಾವುದೂ ಅದಕ್ಕೆ ಆಗುವುದಿಲ್ಲ. ಗೋಸುಂಬೆಗೂ ಮುಖ್ಯವಾಗಿ ಹುಳವೇ. ಬಿಯರ್ಡೆಡ್ ಡ್ರ್ಯಾಗನ್ ಮರಿಯಾಗಿದ್ದಾಗ ಹುಳದ ರಾಶಿಯನ್ನೇ ಖಾಲಿ ಮಾಡುತ್ತದೆ, ದೊಡ್ಡದಾದ ಮೇಲೆ ತಟ್ಟೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪೇ ಇರಬೇಕು. ಬ್ಲೂ ಟಂಗ್ ಎಲ್ಲವನ್ನೂ ತಿನ್ನುತ್ತದೆ: ಸೊಪ್ಪು, ತರಕಾರಿ, ಮೊಟ್ಟೆ, ಬಸವನಹುಳ, ಒಳ್ಳೆ ಗುಣಮಟ್ಟದ ಡಬ್ಬಿಯ ನಾಯಿ ಆಹಾರ ಕೂಡ. ಹುಳದ ಸಹವಾಸವೇ ಬೇಡ ಅನ್ನುವವರಿಗೆ ಕ್ರೆಸ್ಟೆಡ್ ಗೆಕ್ಕೊ ಇದೆ. ಅದಕ್ಕಂತಲೇ ಮಾಡಿದ ಹಣ್ಣಿನ ಪುಡಿ ಬರುತ್ತದೆ, ನೀರಲ್ಲಿ ಕಲಸಿ ಗೊಜ್ಜಿನಷ್ಟು ಗಟ್ಟಿ ಮಾಡಿ ಪುಟ್ಟ ಬಟ್ಟಲಲ್ಲಿ ಇಟ್ಟರೆ ರಾತ್ರಿ ಬಂದು ನೆಕ್ಕಿಕೊಂಡು ಹೋಗುತ್ತದೆ. ನಡುನಡುವೆ ಹುಳ ಕೊಟ್ಟರೆ ಇನ್ನೂ ಒಳ್ಳೆಯದು, ಕೊಡದಿದ್ದರೂ ಪುಡಿಯಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಮಕ್ಕಳ ಊಟದ ಹಣ್ಣಿನ ಪ್ಯೂರಿ ಅದಕ್ಕೆ ಬದಲಿ ಅಲ್ಲ, ಅದರಲ್ಲಿ ಸಕ್ಕರೆ ಬಿಟ್ಟರೆ ಹೆಚ್ಚೇನಿಲ್ಲ.

ಹುಳ ಕೊಡಲು ಒಪ್ಪಿದಿರಾ? ಹಾಗಾದರೆ ಯಾವ ಹುಳ ಅನ್ನುವುದೂ ಒಂದು ಆಯ್ಕೆಯೇ. ಕ್ರಿಕೆಟ್ ಹುಳ ಎಲ್ಲರೂ ಮೊದಲು ಕೊಳ್ಳುವುದು. ಜಿಗಿಯುತ್ತದೆ, ತಪ್ಪಿಸಿಕೊಂಡು ಮಂಚದ ಕೆಳಗೆ ಸೇರಿ ರಾತ್ರಿಯೆಲ್ಲ ಕಿರ್ರ್ ಅನ್ನುತ್ತದೆ, ವಾಸನೆ ಬರುತ್ತದೆ, ಸುಮ್ನೆ ಸಾಯುತ್ತಲೂ ಇರುತ್ತದೆ. ಇದಕ್ಕಿಂತ ಮುಖ್ಯ ಇನ್ನೊಂದಿದೆ: ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ರಾತ್ರಿ ಟ್ಯಾಂಕಿನಲ್ಲೇ ಬಿಟ್ಟರೆ ಅವು ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ಡೂಬಿಯಾ ಜಿರಳೆ ಹೆಸರು ಕೇಳಿ ಮೂಗು ಮುರಿಯಬೇಡಿ. ಅದು ನುಣುಪಾದ ಗೋಡೆ ಹತ್ತುವುದಿಲ್ಲ, ಸದ್ದು ಮಾಡುವುದಿಲ್ಲ, ವಾಸನೆ ಕಡಿಮೆ, ತಿಂಗಳುಗಟ್ಟಲೆ ಬದುಕುತ್ತದೆ. ನನ್ನನ್ನು ಕೇಳಿದರೆ ದಿನನಿತ್ಯಕ್ಕೆ ಇದೇ ಸರಿ. ಕೆಲವು ಕಡೆ ಇದನ್ನು ಇಟ್ಟುಕೊಳ್ಳಲು ಅನುಮತಿ ಇಲ್ಲ, ಅದನ್ನು ವಿಚಾರಿಸಿಕೊಳ್ಳಿ. ಮೀಲ್‌ವರ್ಮ್ ಇಟ್ಟುಕೊಳ್ಳಲು ಎಲ್ಲಕ್ಕಿಂತ ಸುಲಭ, ಫ್ರಿಜ್‌ನಲ್ಲಿ ಇಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ. ಆದರೆ ಅದೊಂದನ್ನೇ ಕೊಡಬಾರದು. ರೇಷ್ಮೆಹುಳ ಮೃದು, ಕೊಬ್ಬು ಕಡಿಮೆ, ಸಿಕ್ಕಿದಾಗ ಕೊಡಿ. ವ್ಯಾಕ್ಸ್‌ವರ್ಮ್ ಬರೀ ಕೊಬ್ಬು, ಮಿಠಾಯಿಯ ಹಾಗೆ ಅಪರೂಪಕ್ಕೊಂದು. ಅದರ ರುಚಿ ಹತ್ತಿದ ಗೆಕ್ಕೊ ಬೇರೆ ಹುಳವನ್ನು ಮೂಸಿಯೂ ನೋಡದೆ ಹಟ ಮಾಡುವುದುಂಟು.

ಅಂಗಳದಲ್ಲಿ ಹಿಡಿದ ಹುಳ ಬೇಡ. ಕೀಟನಾಶಕ ಇರಬಹುದು, ಪರಾವಲಂಬಿಗಳು ಇರಬಹುದು. ಮಿಂಚುಹುಳವಂತೂ ಕೂಡದೇ ಕೂಡದು. ಅದರ ಮೈಯ ವಿಷ ಎಂಥದ್ದೆಂದರೆ ಒಂದೇ ಹುಳ ತಿಂದು ಬಿಯರ್ಡೆಡ್ ಡ್ರ್ಯಾಗನ್ ಸತ್ತ ದಾಖಲೆ ಇದೆ.

ಇನ್ನು ಕ್ಯಾಲ್ಸಿಯಂ. ಬಹುತೇಕ ಹುಳಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಜಾಸ್ತಿ. ಹಲ್ಲಿಗೆ ಬೇಕಾದದ್ದು ಇದರ ಉಲ್ಟಾ, ಒಂದು ಪಾಲು ರಂಜಕಕ್ಕೆ ಎರಡು ಪಾಲು ಕ್ಯಾಲ್ಸಿಯಂ. ಅದಕ್ಕೇ ಹುಳವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು, ಅದಕ್ಕೂ ಒಂದು ದಿನ ಮುಂಚೆ ಹುಳಕ್ಕೇ ಒಳ್ಳೆ ಸೊಪ್ಪು ತರಕಾರಿ ತಿನ್ನಿಸುವುದು. ಹಸಿದ ಹುಳ ಬರೀ ಹೊಟ್ಟು. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳ ಇದಕ್ಕೆ ಅಪವಾದ, ಅದರ ಮೈಯಲ್ಲೇ ಕ್ಯಾಲ್ಸಿಯಂ ತುಂಬಿರುತ್ತದೆ. ಕೊಡುವ ಹುಳ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು.

ಲೆಪರ್ಡ್ ಗೆಕ್ಕೊನಾ, ಕ್ರೆಸ್ಟೆಡ್ ಗೆಕ್ಕೊನಾ?

ಮೊದಲ ಸಲ ಸಾಕುವವರ ನಿಜವಾದ ಆಯ್ಕೆ ಹೆಚ್ಚಾಗಿ ಈ ಎರಡರ ನಡುವೆ. ಎರಡೂ ಅಂಗೈಗೆ ಸ್ವಲ್ಪ ದೊಡ್ಡವು, 20 ಸೆಂಟಿಮೀಟರ್ ಆಚೀಚೆ. ಎರಡೂ 15ರಿಂದ 20 ವರ್ಷ ಬದುಕುತ್ತವೆ. ಎರಡೂ ಹಗಲು ಮಲಗಿ ಕತ್ತಲಾದ ಮೇಲೆ ಏಳುತ್ತವೆ, ಹಾಗಾಗಿ ಸಂಜೆ ಮನೆಗೆ ಬರುವವರಿಗೆ ಹೊಂದುತ್ತವೆ. ಇಷ್ಟು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲು ನೆಲದ್ದು. ಗೋಡೆ ಹತ್ತುವ ಅಂಟು ಪಾದ ಅದಕ್ಕಿಲ್ಲ, ನೆಲದ ಮೇಲೇ ಓಡಾಟ. ಬಹುತೇಕ ಗೆಕ್ಕೊಗಳಿಗೆ ಇಲ್ಲದ ರೆಪ್ಪೆ ಇದಕ್ಕಿದೆ, ಕಣ್ಣು ಮುಚ್ಚಿ ತೆರೆಯುತ್ತದೆ. ಟ್ಯಾಂಕ್ ಎತ್ತರಕ್ಕಿಂತ ಉದ್ದ ಇರಬೇಕು, 90 ಸೆಂಟಿಮೀಟರ್ ಉದ್ದ, 45 ಅಗಲ ಇದ್ದರೆ ಆರಾಮಾಗಿರುತ್ತದೆ. ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುತ್ತದೆ, ಬಾಲ ದಪ್ಪಗಿದ್ದರೆ ಚೆನ್ನಾಗಿದೆ ಅಂತ ಅರ್ಥ. ಆದರೆ ಮುಂಗಾಲ ಸಂದಿಯಲ್ಲೂ ಗುಳ್ಳೆಯ ಹಾಗೆ ಉಬ್ಬಿ ನಿಂತಿದ್ದರೆ ಊಟ ಜಾಸ್ತಿ ಆಗಿರಬಹುದು. ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ ಹುಳ ಕೊಟ್ಟರೆ ಸಾಕು.

ಇದರ ಪೊರೆ ಬಿಡುವ ಹೊತ್ತು ಹತ್ತಿರ ಕೂತು ನೋಡುವಂಥದ್ದು. ಮೈ ಮಂಕಾಗಿ ಬೂದಿ ಬಳಿದ ಹಾಗಾಗುತ್ತದೆ. ಮೂತಿಯನ್ನು ಕಲ್ಲಿಗೆ ಉಜ್ಜಿ ತುಟಿಯ ಹತ್ತಿರ ಪೊರೆ ಬಿಡಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಬಾಯಲ್ಲಿ ಕಚ್ಚಿ ಎಳೆಯುತ್ತ ಎಳೆಯುತ್ತ ನುಂಗುತ್ತಲೇ ಹೋಗುತ್ತದೆ. ಕೊನೆಗೆ ಕಾಲು. ಒಂದೊಂದೇ ಬೆರಳನ್ನು ಬಾಯೊಳಗೆ ಇಟ್ಟು ತುದಿಯ ಪೊರೆ ಕಳಚುತ್ತದೆ. ತೊಂದರೆ ಆಗುವುದೂ ಇಲ್ಲೇ. ಗಾಳಿ ಒಣಗಿದ್ದರೆ ಬೆರಳ ತುದಿಯಲ್ಲಿ ಪೊರೆಯ ಉಂಗುರ ಹಾಗೇ ಉಳಿಯುತ್ತದೆ, ಒಣಗಿ ಬಿಗಿಯುತ್ತದೆ, ರಕ್ತ ಓಡಾಡದೆ ಬೆರಳೇ ಉದುರುತ್ತದೆ. ಉಪಾಯ ಸಣ್ಣದು: ಮುಚ್ಚಳವಿರುವ ಒಂದು ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆ ಪಾಚಿಯನ್ನೋ ಒದ್ದೆ ಟಿಶ್ಯೂವನ್ನೋ ಹಾಕಿ ಟ್ಯಾಂಕಿನಲ್ಲಿಡಿ. ಪೊರೆ ಬಂದಾಗ ತಾನೇ ಹೋಗಿ ಕೂರುತ್ತದೆ. ಪ್ರತಿ ಸಲ ಪೊರೆ ಬಿಟ್ಟ ಮೇಲೆ ಬೆರಳುಗಳನ್ನು ನೋಡಿ. ಉಳಿದಿದ್ದರೆ ಉಗುರುಬೆಚ್ಚನೆ ನೀರಿನಲ್ಲಿ ಪಾದ ಮುಳುಗುವಷ್ಟು ನಿಲ್ಲಿಸಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಉಜ್ಜಿ. ಒಣಗಿದ್ದನ್ನು ಹಾಗೇ ಕೀಳಬೇಡಿ.

ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲೆಡೋನಿಯಾ ದ್ವೀಪಗಳ ಮರದ ಮೇಲಿನ ಜೀವಿ. ಅಳಿದೇ ಹೋಗಿದೆ ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಇವತ್ತು ಸಾಕುವವರ ಮನೆಗಳಲ್ಲಿ ಎಲ್ಲೆಲ್ಲೂ ಅದೇ. ಇದಕ್ಕೆ ಎತ್ತರದ ಟ್ಯಾಂಕ್ ಬೇಕು, ಕೊಂಬೆ, ಎಲೆ, ಬಳ್ಳಿ ತುಂಬಿರಬೇಕು. 45 ಸೆಂಟಿಮೀಟರ್ ಉದ್ದಗಲ, 60 ಎತ್ತರ ಇದು ಕನಿಷ್ಠ. ಗಾಜು ಹತ್ತುತ್ತದೆ, ಜಿಗಿಯುತ್ತದೆ, ನಿಮ್ಮ ಕೈಯಿಂದಲೂ ಜಿಗಿಯುತ್ತದೆ. ರೆಪ್ಪೆ ಇಲ್ಲದ್ದರಿಂದ ಕಣ್ಣನ್ನು ನಾಲಿಗೆಯಿಂದಲೇ ಒರೆಸಿಕೊಳ್ಳುತ್ತದೆ. ರಾತ್ರಿ ಚೆನ್ನಾಗಿ ನೀರು ಸಿಂಪಡಿಸಿ ತೇವಾಂಶ ಶೇ 80ರ ಹತ್ತಿರ ಹೋಗಬೇಕು, ಹಗಲು ಮತ್ತೆ ಆರಬೇಕು. ಇಡೀ ದಿನ ತೊಟ್ಟಿಕ್ಕುತ್ತ ಇದ್ದರೆ ಬೂಷ್ಟು ಬರುತ್ತದೆ. ಬಾಲದ ವಿಷಯವೊಂದು ತಿಳಿದಿರಲಿ. ಹೆದರಿದರೆ ಎರಡೂ ಬಾಲ ಉದುರಿಸುತ್ತವೆ. ಲೆಪರ್ಡ್ ಗೆಕ್ಕೊಗೆ ಮೂಲಂಗಿ ಗಡ್ಡೆಯಂಥ ಹೊಸ ಬಾಲ ಬರುತ್ತದೆ, ಕ್ರೆಸ್ಟೆಡ್‌ಗೆ ಬರುವುದೇ ಇಲ್ಲ. ಬಾಲವಿಲ್ಲದೆ ಅದು ಆರಾಮಾಗೇ ಬದುಕುತ್ತದೆ, ಬೇಜಾರಾಗುವುದು ನಮಗೆ.

ನನ್ನ ತೀರ್ಮಾನ ಹೀಗೆ: ಬೇಸಿಗೆಯಲ್ಲಿ ಕೋಣೆ 28 ದಾಟುತ್ತದಾ? ಲೆಪರ್ಡ್. ದಾಟುವುದಿಲ್ಲ, ಮತ್ತು ಹುಳ ಕಂಡರಾಗದು ಅನ್ನುವುದಾದರೆ ಕ್ರೆಸ್ಟೆಡ್. ಎರಡೂ ಸರಿ ಅನ್ನುವವರು ಕೈಯಲ್ಲಿ ಹಿಡಿಯುವ ಆಸೆ ಎಷ್ಟಿದೆ ನೋಡಿಕೊಳ್ಳಿ. ಲೆಪರ್ಡ್ ನಿಧಾನವಾಗಿ ತೋಳಿನ ಮೇಲೆ ನಡೆಯುತ್ತದೆ. ಕ್ರೆಸ್ಟೆಡ್ ಯಾವಾಗ ಎತ್ತ ಹಾರುತ್ತದೋ ಅದಕ್ಕೇ ಗೊತ್ತು.

ಬಿಯರ್ಡೆಡ್ ಡ್ರ್ಯಾಗನ್, ಬ್ಲೂ ಟಂಗ್ ಸ್ಕಿಂಕ್

ಹಗಲು ಮನೆಯಲ್ಲಿರುವವರಿಗೆ, ಜಾಗ ಇರುವವರಿಗೆ ಇವು. ಎರಡೂ 45ರಿಂದ 60 ಸೆಂಟಿಮೀಟರ್ ಬೆಳೆಯುತ್ತವೆ, ಎರಡಕ್ಕೂ 120 ಸೆಂಟಿಮೀಟರ್ ಉದ್ದ, 60 ಅಗಲದ ಮನೆ ಬೇಕು. ಅಂಗಡಿಯಲ್ಲಿ ನೋಡುವ ಮರಿ ಬೆರಳುದ್ದ ಇರುತ್ತದೆ, ಅದನ್ನು ನೋಡಿ ಸಣ್ಣ ಟ್ಯಾಂಕ್ ಕೊಂಡರೆ ಒಂದು ವರ್ಷದೊಳಗೆ ಎರಡನೇ ಸಲ ದುಡ್ಡು ಸುರಿಯಬೇಕಾಗುತ್ತದೆ. ಮೊದಲೇ ದೊಡ್ಡದು ಕೊಳ್ಳಿ.

ಬಿಯರ್ಡೆಡ್ ಡ್ರ್ಯಾಗನ್‌ನಷ್ಟು ಮನುಷ್ಯರ ಜೊತೆ ಹೊಂದಿಕೊಳ್ಳುವ ಹಲ್ಲಿ ಅಪರೂಪ. ನೀವು ಕೋಣೆಗೆ ಬಂದರೆ ತಲೆ ಎತ್ತಿ ನೋಡುತ್ತದೆ. ಒಂದು ಮುಂಗಾಲು ಎತ್ತಿ ಗಾಳಿಯಲ್ಲಿ ನಿಧಾನಕ್ಕೆ ಸುತ್ತಿಸುತ್ತದೆ, ಎದುರಿನ ದೊಡ್ಡ ಡ್ರ್ಯಾಗನ್‌ಗೆ 'ನಾನು ಜಗಳಕ್ಕಿಲ್ಲ' ಅಂತ ಹೇಳುವ ರೀತಿ ಅದು. ಬಾಯಿ ತೆರೆದು ಬಿಸಿ ಕಲ್ಲಿನ ಮೇಲೆ ಕೂತಿದ್ದರೆ ಗಾಬರಿ ಬೇಡ, ಮೈಯ ಶಾಖ ಬಿಡುತ್ತಿರುತ್ತದೆ. ತಂಪು ತುದಿಯಲ್ಲೂ ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಚಳಿಗಾಲದಲ್ಲಿ ಕೆಲವು ಡ್ರ್ಯಾಗನ್‌ಗಳು ವಾರಗಟ್ಟಲೆ ನಿದ್ದೆಗೆ ಜಾರುತ್ತವೆ, ಊಟ ಬಿಡುತ್ತವೆ. ಮೊದಲ ಸಲ ನೋಡುವವರಿಗೆ ಇದು ಕಾಯಿಲೆಯ ಹಾಗೇ ಕಾಣುತ್ತದೆ. ತೂಕ ನೋಡಿ: ನಿದ್ದೆಯಾದರೆ ತೂಕ ಹೆಚ್ಚು ಕಮ್ಮಿ ಹಾಗೇ ಇರುತ್ತದೆ, ಕಾಯಿಲೆಯಾದರೆ ಇಳಿಯುತ್ತ ಹೋಗುತ್ತದೆ. ಆಯಸ್ಸು 8ರಿಂದ 12 ವರ್ಷ. ಸೊಪ್ಪಿನಲ್ಲಿ ಸಾಸಿವೆ ಸೊಪ್ಪು, ಡ್ಯಾಂಡೆಲಿಯನ್, ದಾಸವಾಳದ ಹೂವು ಎಲೆ ಒಳ್ಳೆಯವು. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಬೆಣ್ಣೆಹಣ್ಣು ಬೇಡವೇ ಬೇಡ.

ಬ್ಲೂ ಟಂಗ್ ಸ್ಕಿಂಕ್ ನಮ್ಮ ಹಾವುರಾಣಿಯ ದೊಡ್ಡ ನೆಂಟ. ಪುಟ್ಟ ಕಾಲು, ದಪ್ಪ ಮೈ, ಹೆದರಿದಾಗ ಚಾಚುವ ನೀಲಿ ನಾಲಿಗೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಮಣ್ಣು ಅಗೆದು ಒಳಗೆ ಸೇರಿಕೊಳ್ಳುವುದು ಅದಕ್ಕೆ ಇಷ್ಟ, ಕೆಳಗೆ 10 ಸೆಂಟಿಮೀಟರ್ ಆದರೂ ಮಣ್ಣಿರಲಿ. ಊಟದ ವಿಷಯದಲ್ಲಿ ಇದರಷ್ಟು ಸಲೀಸು ಇನ್ನೊಂದಿಲ್ಲ, ದೊಡ್ಡದಕ್ಕೆ ವಾರಕ್ಕೆರಡು ಸಲ ಸಾಕು. ಆದರೆ 15ರಿಂದ 20 ವರ್ಷದ ಜವಾಬ್ದಾರಿ. ಈ ಎರಡರಲ್ಲಿ ನನ್ನ ಒಲವು ಸ್ಕಿಂಕ್ ಕಡೆಗೆ. ದಿನಾ ಸೊಪ್ಪು ಹೆಚ್ಚುವ ಕೆಲಸ ಇಲ್ಲ ಅನ್ನುವುದೂ ಒಂದು ಕಾರಣ, ಮುಚ್ಚಿಡುವುದೇನು ಬಂತು.

ಗೋಸುಂಬೆ ಮತ್ತು ಇಗ್ವಾನ

ಮೊದಲ ಸಲಕ್ಕೆ ಎರಡೂ ಬೇಡ ಅನ್ನುತ್ತೇನೆ. ಯೆಮೆನ್ ಮತ್ತು ಸೌದಿ ಅರೇಬಿಯದ ವೇಲ್ಡ್ ಗೋಸುಂಬೆಯೇ ಸಾಕುವವರಲ್ಲಿ ಹೆಚ್ಚು ಕಾಣುವುದು. ಅದು ಬಟ್ಟಲಲ್ಲಿ ಇಟ್ಟ ನೀರನ್ನು ಗುರುತಿಸುವುದೇ ಕಡಿಮೆ. ಎಲೆಯ ಮೇಲಿಂದ ಜಾರುವ ಹನಿಯನ್ನು ನೆಕ್ಕುತ್ತದೆ, ಹಾಗಾಗಿ ದಿನಕ್ಕೆ ಹಲವು ಸಲ ನೀರು ಸಿಂಪಡಿಸಬೇಕು ಇಲ್ಲವೇ ಹನಿ ಬೀಳುವ ವ್ಯವಸ್ಥೆ ಬೇಕು. ಗಾಳಿಯಾಡುವ ಜಾಲರಿಯ ಗೂಡು ಬೇಕು, ಅದೂ 120 ಸೆಂಟಿಮೀಟರ್ ಎತ್ತರದ್ದು. ಕೈಗೆ ತೆಗೆದುಕೊಂಡರೆ ಅದಕ್ಕೆ ಒತ್ತಡ. ಹೆಣ್ಣಾದರೆ ಗಂಡಿನ ಸಹವಾಸ ಇಲ್ಲದೆಯೂ ಒಂದೊಂದು ಸಲಕ್ಕೆ ಹತ್ತಾರು ಮೊಟ್ಟೆ ಇಡುತ್ತದೆ, ಅಗೆಯಲು ಒದ್ದೆ ಮರಳಿನ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯಬಹುದು. ಇಷ್ಟೆಲ್ಲ ಮಾಡಿದರೂ ಆಯಸ್ಸು 5ರಿಂದ 8 ವರ್ಷ. ನೋಡಲು ಮಾತ್ರ ಅಂತ ಗೊತ್ತಿದ್ದು ತಂದರೆ ಸರಿ.

ಗ್ರೀನ್ ಇಗ್ವಾನ ಮರಿಯಾಗಿದ್ದಾಗ ಹಸಿರು ಬೊಂಬೆ. ಬೆಳೆದರೆ ಬಾಲ ಸೇರಿ ಒಂದೂವರೆ ಮೀಟರ್ ದಾಟುತ್ತದೆ, ಆ ಬಾಲದಿಂದ ಚಾಟಿಯೇಟು ಕೊಡುತ್ತದೆ, ಬೆದೆಯ ಕಾಲದಲ್ಲಿ ಗಂಡು ಸಾಕಿದವರನ್ನೇ ಕಚ್ಚಲು ಬರುತ್ತದೆ. ಅದಕ್ಕೆ ಟ್ಯಾಂಕ್ ಸಾಲುವುದಿಲ್ಲ, ಕೋಣೆ ಬೇಕು. ಸಾಕಲಾಗದೆ ಹೊರಗೆ ಬಿಟ್ಟವುಗಳ ಸಂತತಿಯೇ ಫ್ಲಾರಿಡಾದಂಥ ಕಡೆ ದೊಡ್ಡ ತಲೆನೋವಾಗಿ ಕೂತಿದೆ. ಗೋಸುಂಬೆ, ಇಗ್ವಾನ ಎರಡೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಇವೆ, ದೇಶದ ಗಡಿ ದಾಟಿಸಲು ಕಾಗದಪತ್ರ ಬೇಕು. ಯಾವ ಹಲ್ಲಿಯೇ ಆಗಲಿ ನೀವಿರುವ ಕಡೆಯ ಕಾನೂನು ಏನನ್ನುತ್ತದೆ ಅಂತ ಮೊದಲು ನೋಡಿ. ಕಾಡಿನಿಂದ, ತೋಟದಿಂದ ಹಿಡಿದು ತಂದದ್ದಂತೂ ಬೇಡ. ಕಾನೂನಿನ ಮಾತು ಹಾಗಿರಲಿ, ಕಾಡಿನದ್ದರ ಹೊಟ್ಟೆ ತುಂಬ ಜಂತು ಇರುತ್ತದೆ, ಗಾಜಿನೊಳಗೆ ಅದು ಊಟವನ್ನೇ ಬಿಟ್ಟುಬಿಡುತ್ತದೆ.

ದೀಪ ಮತ್ತು ಶಾಖ

ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ ಕೊಡುವ ದೀಪ ಬೇಕಾ? ಬಿಯರ್ಡೆಡ್ ಡ್ರ್ಯಾಗನ್, ಬ್ಲೂ ಟಂಗ್, ಗೋಸುಂಬೆ, ಇಗ್ವಾನಗಳಿಗೆ ಬೇಕೇ ಬೇಕು. ಆ ಕಿರಣ ಚರ್ಮಕ್ಕೆ ತಾಗಿದರೆ ಡಿ3 ವಿಟಮಿನ್ ಆಗುತ್ತದೆ, ಡಿ3 ಇದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ಕಾಲು ಬಾಗುತ್ತದೆ, ನಡುಕ ಬರುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ. ಲೆಪರ್ಡ್, ಕ್ರೆಸ್ಟೆಡ್ ಗೆಕ್ಕೊಗಳೆರಡೂ ಡಿ3 ಇರುವ ಪುಡಿಯ ಮೇಲೂ ಬದುಕುತ್ತವೆ, ಆದರೂ ಕಡಿಮೆ ಶಕ್ತಿಯ ಯುವಿಬಿ ಕೊಡುವುದು ಒಳ್ಳೆಯದು.

ಕಿಟಕಿಯ ಬಿಸಿಲು ಬೀಳುತ್ತದಲ್ಲ, ಸಾಲದಾ ಅಂತ ಕೇಳುತ್ತಾರೆ. ಸಾಲದು. ಮಾಮೂಲಿ ಗಾಜು ಯುವಿಬಿಯನ್ನು ತಡೆಯುತ್ತದೆ, ಬೆಳಕು ಮಾತ್ರ ಒಳಗೆ ಬರುತ್ತದೆ. ಬಿಸಿಲಿಗೆ ಇಟ್ಟ ಗಾಜಿನ ಟ್ಯಾಂಕ್ ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ ಅನ್ನುವುದು ಬೇರೆ. ದೀಪದಲ್ಲಿ ಸುರುಳಿ ಬಲ್ಬಿಗಿಂತ ಟಿ5 ಅನ್ನುವ ತೆಳ್ಳನೆಯ ಟ್ಯೂಬ್ ಕೊಳ್ಳಿ, ಬೆಳಕು ಉದ್ದಕ್ಕೂ ಹರಡುತ್ತದೆ, ಬಲ್ಬಿನದ್ದು ಒಂದೇ ಕಡೆ ಬೀಳುತ್ತದೆ. ಟ್ಯೂಬ್ ಉರಿಯುತ್ತಿದ್ದರೂ ವರ್ಷವಾಗುವ ಹೊತ್ತಿಗೆ ಯುವಿಬಿ ಕುಗ್ಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲೇ ಮಾರ್ಕರ್‌ನಿಂದ ಬರೆದಿಡಿ.

ಶಾಖಕ್ಕೆ ಹಗಲು ಹ್ಯಾಲೊಜೆನ್ ಬಲ್ಬು ಸಾಕು. ರಾತ್ರಿ ಕೋಣೆ ತೀರಾ ತಣ್ಣಗಾದರೆ ಬೆಳಕು ಬಾರದ ಸೆರಾಮಿಕ್ ಹೀಟರ್. ಕೆಂಪು ಬಲ್ಬು ಹಾಕಿದರೆ ಹಲ್ಲಿಗೆ ಕಾಣುವುದಿಲ್ಲ ಅಂತ ಮಾರುತ್ತಾರೆ, ಅವುಗಳಿಗೆ ಕಾಣುತ್ತದೆ, ನಿದ್ದೆ ಕೆಡುತ್ತದೆ. ಒಳಗಿಂದ ಕಾಯುವ ಕರೆಂಟಿನ ಕಲ್ಲು ಬರುತ್ತದಲ್ಲ, ಅದನ್ನು ಯಾರಾದರೂ ಸುಮ್ನೆ ಕೊಟ್ಟರೂ ಬೇಡ, ಹೊಟ್ಟೆ ಸುಟ್ಟ ಹಲ್ಲಿಗಳು ಬರುವುದೇ ಅದರಿಂದ. ಏನೇ ಹಾಕಿದರೂ ಥರ್ಮೋಸ್ಟಾಟ್ ಇಲ್ಲದೆ ಹಾಕಬೇಡಿ. ಬಜೆಟ್ ಹಾಕುವಾಗ ಹಲ್ಲಿಯ ಬೆಲೆಯನ್ನು ಕೊನೆಗೆ ಬರೆಯಿರಿ. ಟ್ಯಾಂಕ್, ದೀಪ, ಥರ್ಮೋಸ್ಟಾಟ್ ಸೇರಿದರೆ ಸಾಮಾನ್ಯವಾಗಿ ಅದರ ಬೆಲೆಯನ್ನು ಮೀರಿಸುತ್ತವೆ.

ಒಂದಾ ಎರಡಾ, ಮರಿಯಾ ದೊಡ್ಡದಾ

ಒಂದೇ. ಜೊತೆ ಬೇಕು ಅನ್ನುವುದು ನಮ್ಮ ಲೆಕ್ಕ, ಇವು ಒಂಟಿಯಾಗಿರುವ ಜೀವಿಗಳು. ಎರಡು ಡ್ರ್ಯಾಗನ್ ಒಂದರ ಮೇಲೊಂದು ಮಲಗಿದ್ದರೆ ಅದು ಪ್ರೀತಿಯಲ್ಲ, ಮೇಲಿನದು ಕೆಳಗಿನದರ ಬೆಳಕು ಶಾಖ ಎರಡನ್ನೂ ಕಸಿದುಕೊಳ್ಳುತ್ತಿದೆ. ಗಂಡುಗಳಂತೂ ಬಾಲ, ಬೆರಳು ಕಳೆದುಕೊಳ್ಳುವಷ್ಟು ಕಚ್ಚಾಡುತ್ತವೆ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರಾ ವಯಸ್ಸಾದವರು, ರೋಗ ನಿರೋಧಕ ಶಕ್ತಿ ಕಡಿಮೆ ಇರುವವರು ಇದ್ದರೆ ತರುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ. ಆರೋಗ್ಯವಾಗಿ ಕಾಣುವ ಹಲ್ಲಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದರ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಮರಿಗೂ ದೊಡ್ಡದಕ್ಕೂ ನಡುವೆ ಆಯ್ಕೆ ಸಿಕ್ಕರೆ ಮೊದಲ ಸಲಕ್ಕೆ ದೊಡ್ಡದನ್ನೇ ತಗೊಳ್ಳಿ. ಮರಿಗೆ ದಿನಾ ಊಟ ಬೇಕು, ಶಾಖದಲ್ಲಿ ಸಣ್ಣ ಎಡವಟ್ಟಾದರೂ ತಡೆದುಕೊಳ್ಳುವುದಿಲ್ಲ, ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಸ್ವಭಾವವೂ ಗೊತ್ತಿರುವುದಿಲ್ಲ. ಸಾಕಲಾಗದೆ ಬೇರೆಯವರಿಗೆ ಕೊಡುತ್ತಿರುವ ದೊಡ್ಡ ಹಲ್ಲಿ ಎಷ್ಟೋ ಸಲ ಟ್ಯಾಂಕಿನ ಸಮೇತ ಸಿಗುತ್ತದೆ. ಸಿಕ್ಕ ಟ್ಯಾಂಕಿನ ಯುವಿಬಿ ಟ್ಯೂಬನ್ನು ಮಾತ್ರ ಕಣ್ಣು ಮುಚ್ಚಿ ಬದಲಾಯಿಸಿ.

ನೋಡಲು ಹೋದಾಗ ಕಣ್ಣು ಹೊಳೆಯುತ್ತ ಪೂರ್ತಿ ತೆರೆದಿದೆಯಾ ನೋಡಿ. ಗೆಕ್ಕೊಗಳನ್ನು ಹಗಲು ಎಬ್ಬಿಸಿದ್ದರೆ ಸ್ವಲ್ಪ ಹೊತ್ತು ಕೊಡಿ. ಬೆರಳುಗಳನ್ನು ಎಣಿಸಿ. ನಡೆಯುವಾಗ ಹೊಟ್ಟೆ ನೆಲಬಿಟ್ಟು ಎತ್ತಿರಬೇಕು, ಎಳೆದುಕೊಂಡು ಹೋಗುತ್ತಿದ್ದರೆ ಮೂಳೆಯ ತೊಂದರೆ ಇರಬಹುದು. ಸೊಂಟದ ಮೂಳೆ ಎದ್ದು ಕಾಣಬಾರದು. ಹಿಂಬದಿ ಶುಚಿಯಾಗಿರಬೇಕು, ಹಿಕ್ಕೆಯ ಜೊತೆಗಿನ ಬಿಳಿ ಭಾಗ ಮೆತ್ತಗಿರಬೇಕು, ಹಳದಿಯಾಗಿ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಸರೀಸೃಪ ನೋಡುವ ಪಶುವೈದ್ಯರು ಎಲ್ಲಿದ್ದಾರೆ ಅಂತ ಆ ದಿನಕ್ಕೂ ಮೊದಲೇ ಹುಡುಕಿಟ್ಟಿರಿ, ಎಲ್ಲರೂ ನೋಡುವುದಿಲ್ಲ. ಮತ್ತೆ, ಕೊಡುವವರ ಹತ್ತಿರ ನಿಮ್ಮ ಎದುರಿಗೇ ಅದಕ್ಕೆ ಊಟ ಕೊಡಲು ಹೇಳಿ. 'ಈಗ ತಾನೇ ತಿಂದಿದೆ' ಅಂದರೆ ಅದರ ಊಟದ ದಿನ ಯಾವುದು ಅಂತ ಕೇಳಿಕೊಂಡು ಆ ದಿನ ಮತ್ತೆ ಹೋಗಿ.